ಹಳದಿ ಹೆಬ್ಬೆಟ್ಟು

ಕಂಪ್ಯೂಟರು ತಾನಾಗಿಯೇ ಆರಿಹೋದಾಗ ದುಂಡೇಶ ಮೊದಲು ನೋಡಿದ್ದು ಪರದೆಯನ್ನಲ್ಲ, ಬಾಗಿಲನ್ನು. ಅಲ್ಲಿ ಯಾರೂ ಇರಲಿಲ್ಲ. ಕರೆಂಟೂ ಹೋಗಿರಲಿಲ್ಲ, ತಲೆಯ ಮೇಲೆ ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತ ತಿರುಗುತ್ತಿತ್ತು, ಓಣಿಯ ಆಚೆ ಮಗ್ಗಗಳು ಎಂದಿನಂತೆ ಖಟಖಟ ಎನ್ನುತ್ತಿದ್ದವು. ಬಗ್ಗಿ ಕಂಪ್ಯೂಟರಿನ ಡಬ್ಬಿಯ ಪಕ್ಕಕ್ಕೆ ಅಂಗೈ ಇಟ್ಟ. ಸುಡುತ್ತಿತ್ತು. ಬಿಸಿಲಿಗೆ ಹಾಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಹೋದ ವರ್ಷ ಬನಹಟ್ಟಿಯಲ್ಲಿ ಬಿಸಿಲು ಬಿದ್ದಿರಲಿಲ್ಲವೇ? ಆಗಲೂ ಇದೇ ಪಡಸಾಲೆ, ಇದೇ ತಗಡಿನ ಮಾಡು, ಇದೇ ಯಂತ್ರ. ಬೆಳಗಿನಿಂದ ಸಂಜೆಯವರೆಗೆ ಸೀರೆಯ ದಡಿ, ಸೆರಗಿನ ಚಿತ್ತಾರ ಬಿಡಿಸಿ ಮಗ್ಗದ ಮಾಲಕರಿಗೆ ಕೊಟ್ಟಿದ್ದ, ಒಂದು ದಿನವೂ ಇದು ಕಣ್ಣು ಮುಚ್ಚಿರಲಿಲ್ಲ. ಹೋಳಿಹುಣ್ಣಿಮೆಯ ಸುಮಾರಿಗೆ ಒಮ್ಮೊಮ್ಮೆ ಆರತೊಡಗಿತು. ಈಗ ದಿನಾಲೂ ಆರುತ್ತದೆ, ಅದೂ ಸರಿಯಾಗಿ ಹೂವಿನ ಒಂದು ಸಾಲು ಮುಗಿದು ಇನ್ನೇನು ಉಳಿಸಬೇಕು ಅನ್ನುವಾಗ. ಯಂತ್ರಕ್ಕೆ ಬುದ್ಧಿ ಇಲ್ಲ, ಹೊತ್ತು ನೋಡಿ ಆರುವಷ್ಟು ಬುದ್ಧಿಯನ್ನು ಯಾರೋ ಅದಕ್ಕೆ ಕಲಿಸಿದ್ದಾರೆ. ಹಾಗೆಂದುಕೊಂಡ ಕೂಡಲೇ ತನಗೇ ನಗು ಬರಬೇಕಾಗಿತ್ತು, ಬರಲಿಲ್ಲ. ಒಳಗೆ ಹೆಂಡತಿ ಮಾಯಾ ಪಾತ್ರೆ ಇಟ್ಟ ಸದ್ದು ಕೇಳಿತು. ಯಂತ್ರ ಆರಿದ ಗಳಿಗೆಯಲ್ಲೇ ಅವಳ ಕೈಯೂ ಯಾಕೆ ನಿಂತಿತು ಎಂದು ಯೋಚಿಸಿದ.

ರಬಕವಿಯಲ್ಲಿ ಗುರಪ್ಪನ ಮಗ್ಗದ ಮನೆಗೆ ಹೋಗಿ ಬಂದ ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಬೇರೆ ಯಾವುದೋ ಸೆರಗಿನ ಕೆಲಸಕ್ಕೆಂದು ಹೋಗಿದ್ದ. ಮೂಲೆಯ ಮಗ್ಗದ ಮೇಲೆ ಕರಿಸೀರೆಯೊಂದು ಅರ್ಧ ಇಳಿದಿತ್ತು. ಅದರ ದಡಿಯಲ್ಲಿ ಬಿಳಿ ನೂಲಿನಲ್ಲಿ ಕುರಿಹೆಜ್ಜೆ. ಎರಡೆರಡು ಪುಟ್ಟ ಗೊರಸಿನ ಗುರುತು, ಒಂದಕ್ಕೊಂದು ತುಸು ವಾಲಿಕೊಂಡು, ಸಾಲಾಗಿ. ಅವನ ದಡಿ. ಯಾರಿಗೂ ಕೊಟ್ಟಿರದ, ಯಾರಿಗೂ ತೋರಿಸಿರದ, ಅವನ ಕಂಪ್ಯೂಟರಿನೊಳಗೆ ಮಾತ್ರ ಇದ್ದ ದಡಿ. ಬಾಲ್ಯದಲ್ಲಿ ಅಪ್ಪನ ಕುರಿಗಳ ಹಿಂದೆ ತಮ್ಮೂರು ಹುನ್ನೂರಿನಿಂದ ಹೊಳೆಗೆ ನಡೆದದ್ದು, ನೀರು ಕುಡಿದು ಕುರಿಗಳು ತಿರುಗಿದ ಮೇಲೆ ಹಸಿ ಉಸುಕಿನಲ್ಲಿ ಉಳಿದ ಆ ಜೋಡಿ ಗುರುತುಗಳು, ಅವುಗಳೊಳಗೆ ನಿಧಾನವಾಗಿ ನೀರು ತುಂಬುವುದನ್ನು ಕೂತು ನೋಡಿದ್ದು, ಅಪ್ಪ ಬೈದದ್ದು, ಎಲ್ಲ ಸೇರಿ ಒಂದು ಮಧ್ಯಾಹ್ನ ತನ್ನ ಬೆರಳಿಗೆ ಬಂದ ಚಿತ್ರ ಅದು ಎಂದು ಅವನು ನಂಬಿದ್ದ. ಹಿಪ್ಪರಗಿಯಲ್ಲಿ ಹೊಳೆಗೆ ಅಣೆಕಟ್ಟೆಯಾಗಿ, ಮೇವಿನ ನೆಲಕ್ಕೆಲ್ಲ ಕಬ್ಬು ಬಂದು, ಅಪ್ಪ ಕುರಿ ಮಾರಿದ ಮೇಲೆ ಆ ಮನೆತನದಲ್ಲಿ ಉಳಿದ ಕುರಿಹೆಜ್ಜೆ ಎಂದರೆ ತನ್ನದೊಂದೇ ಎಂಬ ಸಣ್ಣ ಜಂಬವೂ ಇತ್ತು. ಗುರಪ್ಪ ಚಹಾ ಕೊಟ್ಟು, ದಡಿ ಹೇಗಿದೆ ಎಂದು ಕೇಳಿದ. ಛಲೋ ಐತಿ ಎಂದು ಹೇಳಿ ಚಹಾ ಕುಡಿದು ಬಂದ. ಎಲ್ಲಿಂದ ತಂದಿ ಎಂದು ಕೇಳಲು ಬಾಯಿ ಬರಲಿಲ್ಲ. ಆ ಛಲೋ ಎಂಬ ಮಾತು ಮಾತ್ರ ಇವತ್ತಿಗೂ ಬಾಯಲ್ಲಿ ಕಹಿಯಾಗಿ ಉಳಿದಿತ್ತು.

ಯಂತ್ರದ ಹೊಟ್ಟೆಗೆ ಕೈ ಹಾಕಿದವನು ಒಬ್ಬನೇ, ಸಿದ್ದಾರ್ಥ. ರಬಕವಿಯಲ್ಲಿ ಕಂಪ್ಯೂಟರು ದುರಸ್ತಿಯ ಅಂಗಡಿ ಇಟ್ಟವನು, ಐಟಿಐಯಲ್ಲಿ ದುಂಡೇಶನಿಗಿಂತ ಒಂದು ವರ್ಷ ಕಿರಿಯನಾಗಿದ್ದವನು, ಅಂದಿನಿಂದಲೂ ಅಣ್ಣಾ ಎಂದೇ ಕರೆಯುವವನು. ದೀಪಾವಳಿಯಲ್ಲಿ ಬಂದು ಇದೇ ಪಡಸಾಲೆಯಲ್ಲಿ ಕೂತು ಡಬ್ಬಿ ಬಿಚ್ಚಿ ಧೂಳು ಊದಿ, ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿ ಹೀರುವ ಅಲ್ಯೂಮಿನಿಯಮ್ಮಿನ ಹೀಟ್ ಸಿಂಕನ್ನು ಫ್ಯಾನಿನ ಸಮೇತ ಎತ್ತಿ, ಒಣಗಿದ ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ಇಟ್ಟಿದ್ದ. ಈ ಬೂದುಬಣ್ಣದ ಪೇಸ್ಟು ನಡುವೆ ಇಲ್ಲದಿದ್ದರೆ ಪ್ರೊಸೆಸರಿನ ಬಿಸಿ ಮೇಲಕ್ಕೆ ದಾಟುವುದಿಲ್ಲ, ಕಾದು ಕಾದು ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ ಎಂದು ತಿಳಿಸಿ ಹೇಳಿದ್ದ. ಮಾಯಾ ಬಾಗಿಲಿಗೆ ಆತು ನಿಂತು ಕೇಳಿದ್ದಳು, ಹಾಗಾದರೆ ಇದು ಯಂತ್ರದ ತಲೆಗೆ ಎಣ್ಣೆ ಹಚ್ಚಿದ ಹಾಗೆ ಎಂದಿದ್ದಳು, ಇಬ್ಬರೂ ನಕ್ಕಿದ್ದರು. ಆ ನಗುವಿನಲ್ಲಿ ತನಗೆ ಪಾಲಿರಲಿಲ್ಲ ಎಂಬುದು ದುಂಡೇಶನಿಗೆ ನೆನಪಿದೆ. ಸಿದ್ದಾರ್ಥನ ಕಿಸೆಯಲ್ಲಿ ಕೆಂಪು ಪೆನ್ ಡ್ರೈವ್ ಇತ್ತು ಎಂಬುದೂ ನೆನಪಿದೆ. ಅವನಿಗೆ ಚಹಾ ಕೊಡುವ ಸ್ಟೀಲ್ ಲೋಟ ಕಿಟಕಿಯ ಕಟ್ಟೆಯ ಮೇಲೆ ಬೇರೆಯೇ ಇರುತ್ತದೆ. ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಮನೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ದುಂಡೇಶನೂ ಕೇಳಿಕೊಂಡಿಲ್ಲ, ಯಾಕೆಂದರೆ ಅದನ್ನು ಅಲ್ಲಿ ಮೊದಲು ಇಟ್ಟವನು ಅವನೇ. ಆ ಲೋಟದ ಸೇಡನ್ನು ಇವನು ಹೀಗೆ ತೀರಿಸಿಕೊಂಡನೇ? ಈ ಯೋಚನೆ ಬಂದಾಗ ಅವನಿಗೆ ನಾಚಿಕೆಯಾಗುವ ಬದಲು ಲೆಕ್ಕ ಸರಿಯಾದ ಸಮಾಧಾನವಾಯಿತು.

ಅದಕ್ಕೇ ಪಕ್ಕದ ರಬಕವಿ ಬಿಟ್ಟು ಬಸ್ಸು ಹತ್ತಿ ಜಮಖಂಡಿಗೆ ಹೋಗಿ ಪೇಸ್ಟು ತಂದಿದ್ದ. ಸೂಜಿ ಇಲ್ಲದ ಸಣ್ಣ ಸಿರಿಂಜು. ಜೋಳದ ಕಾಳಿನಷ್ಟು ಇಟ್ಟರೆ ಸಾಕು, ಹೆಚ್ಚು ಬಳಿದರೆ ಬಿಸಿ ಅಲ್ಲೇ ಕೂರುತ್ತದೆ ಎಂದು ಅಲ್ಲಿಯ ಅಂಗಡಿಯವನು ಹೇಳಿದ. ಬಸ್ಸಿನಲ್ಲಿ ಪರಿಚಯದವರು ಯಾಕೆ ಬಂದಿದ್ದಿ ಎಂದಾಗ ಔಷಧಿಗೆ ಎಂದುಬಿಟ್ಟ. ಮನೆಗೆ ಬಂದವನು ಅದನ್ನು ಹಳೆಯ ಗ್ರಾಫ್ ಹಾಳೆಗಳ ಕೆಳಗೆ ಬಚ್ಚಿಟ್ಟ. ತನ್ನ ದುಡ್ಡಿನಲ್ಲಿ ತಂದದ್ದನ್ನು ತನ್ನ ಮನೆಯಲ್ಲೇ ಯಾಕೆ ಬಚ್ಚಿಡುತ್ತಿದ್ದೇನೆ ಎಂದು ಕೇಳಿಕೊಂಡ. ನೋಡಿದರೆ ಎಚ್ಚರಾಗುತ್ತಾರೆ ಎಂಬುದೇ ಉತ್ತರ; ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. ಈಗ ಆರಿದ ಯಂತ್ರ ತಣ್ಣಗಾಗುವವರೆಗೆ ಕಾದು, ಬಾಗಿಲು ಮುಂದೆ ಮಾಡಿ, ಸ್ಕ್ರೂ ಬಿಚ್ಚಿ, ಡಬ್ಬಿಯ ಪಕ್ಕದ ತಗಡು ತೆಗೆದ. ಹೀಟ್ ಸಿಂಕಿನ ನಾಲ್ಕು ಮೂಲೆಯ ಕರಿ ಕೀಲುಗಳನ್ನು ಸಿದ್ದಾರ್ಥ ತಿರುಗಿಸಿದ್ದ ಹಾಗೆಯೇ ತಿರುಗಿಸಿದ. ಒಂದು ಕೀಲು ಮೊದಲೇ ಸಡಿಲವಾಗಿತ್ತು. ಸಿದ್ದಾರ್ಥ ಆಗ ಒಂದೊಂದನ್ನೂ ಟಕ್ ಎಂದು ಸದ್ದು ಬರುವವರೆಗೆ ಒತ್ತಿದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು.

ಹೀಟ್ ಸಿಂಕನ್ನು ತುಸು ಹೊರಳಿಸಿ ಎತ್ತಿ ಬೋರಲು ಮಾಡಿದ. ಬೂದುಬಣ್ಣದ ಪೇಸ್ಟು ಇರಬೇಕಾದಲ್ಲಿ ಹಳದಿ ಇತ್ತು. ಕಾದು ಕಂದಿದ, ಎಣ್ಣೆ ಒಣಗಿದ ಹಳದಿ. ಅಂಚಿನಲ್ಲಿ ಬಿರಿದು ಹಕ್ಕಳೆಯಾಗಿ ಎದ್ದಿತ್ತು. ಪ್ರೊಸೆಸರಿನ ನೆತ್ತಿಯ ಮೇಲೂ ಅದೇ. ಅದರ ಒಂದು ಮಗ್ಗುಲಿಗೆ, ಸಿಂಕು ಪೂರ್ತಿ ಕೂರದೆ ಉಳಿದ ಕಡೆ, ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಉಳಿದಿತ್ತು. ಬೆವರು ಕಣ್ಣಿಗೆ ಇಳಿಯಿತು. ತೋಳಿನಿಂದ ಹಣೆ ಒರೆಸಿಕೊಂಡ, ಸಿಂಕನ್ನು ಮೂಗಿನ ಹತ್ತಿರ ತಂದು ಮೂಸಿದ, ಏನೂ ವಾಸನೆ ಹತ್ತಲಿಲ್ಲ. ದೀಪಾವಳಿಯ ಪೇಸ್ಟು ಬೂದು, ಇದು ಹಳದಿ. ಅಂದರೆ ಆಮೇಲೆ ಯಾರೋ ಬಿಚ್ಚಿದ್ದಾರೆ. ತಾನಿಲ್ಲದಾಗ ಬಿಚ್ಚಿದ್ದಾರೆ. ಯಂತ್ರ ಕೆಡುವಂಥದ್ದೇನನ್ನೋ ಬಳಿದಿದ್ದಾರೆ, ಕೆಟ್ಟರೆ ತಾನೇ ಅವರ ಅಂಗಡಿಗೆ ಹೊತ್ತುಕೊಂಡು ಹೋಗುವುದು, ಹೋದರೆ ತಾನೇ ಒಳಗಿನದೆಲ್ಲ ಅವರ ಕೈಗೆ ಸಿಗುವುದು. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ಇಷ್ಟು ದಿನ ಬರೀ ಅನುಮಾನವಾಗಿದ್ದದ್ದು ಈಗ ಕೈಯಲ್ಲಿ ಹಿಡಿಯುವ ವಸ್ತುವಾಗಿತ್ತು, ಅದರ ಭಾರವೇ ಅವನಿಗೆ ಹಿತವಾಗಿತ್ತು.

ಅಡುಗೆಮನೆಯ ಬಾಗಿಲಿಗೆ ಹೋಗಿ, ಹೋಳಿಯ ನಂತರ ತಾನು ಇಡೀ ದಿನ ಮನೆ ಬಿಟ್ಟು ಮುಧೋಳಕ್ಕೆ ಹೋಗಿದ್ದಾಗ ಮನೆಗೆ ಯಾರು ಬಂದಿದ್ದರು ಎಂದು ಮಾಯಾಳನ್ನು ಕೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣು ಅವನ ಮುಖಕ್ಕೆ ಬಂದು, ಅವನ ಕೈಯಲ್ಲಿದ್ದ ಹೀಟ್ ಸಿಂಕಿಗೆ ಇಳಿದು, ಅಲ್ಲಿಂದ ಹಿತ್ತಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಮುದಕವ್ವನ ಕಡೆ ಒಮ್ಮೆ ಹೋಗಿ ಮತ್ತೆ ರೊಟ್ಟಿಗೆ ಬಂತು.

"ಯಾರೂ ಬಂದಿಲ್ಲರಿ."

ಉತ್ತರ ಬೇಗ ಬಂತು. ಬೇಗ ಬಂದ ಉತ್ತರವನ್ನು ಮೊದಲೇ ಮಾಡಿಟ್ಟಿರುತ್ತಾರೆ. ಅವಳ ಕಿವಿಯ ತುದಿ ಕೆಂಪಾದದ್ದನ್ನು ನೋಡಿದ, ಒಲೆಯ ಕಾವಿಗೆ ಇರಬಹುದು ಎಂಬ ಯೋಚನೆಯನ್ನು ಬರುವ ಮೊದಲೇ ತಳ್ಳಿಹಾಕಿದ. ಮತ್ತೇನೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾಳೆ, ಅದನ್ನೂ ತಾನು ಹೊರಬೇಕಾಗುತ್ತದೆ. ಹೀಟ್ ಸಿಂಕನ್ನು ಟವಲಿನಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿ, ಬಿಸಿಲಿಗೆ ಇಳಿದ. ರಬಕವಿಗೆ ನಡೆಯುವ ದಾರಿಯುದ್ದಕ್ಕೂ ಅವನು ಆಡಬೇಕಾದ ಮಾತುಗಳನ್ನು ಜೋಡಿಸಿದ. ತಣ್ಣಗೆ ಕೇಳಬೇಕು, ನಾಲ್ಕು ಜನರೆದುರಿಗೆ ಕೇಳಬೇಕು, ಅವನ ಮುಖ ಬಿಳಿಚಿಕೊಳ್ಳುವುದನ್ನು ನೋಡಬೇಕು.

ಅಂಗಡಿಯಲ್ಲಿ ಪ್ರಿಂಟು ತೆಗೆಸಲು ಬಂದ ಇಬ್ಬರು ಮಾಸ್ತರರೂ ಒಬ್ಬ ಮಗ್ಗದ ಮಾಲಕನೂ ಕೂತಿದ್ದರು. ಸಿದ್ದಾರ್ಥ ಬರ್ರಿ ಅಣ್ಣಾ ಎಂದು ಎದ್ದು ಕುರ್ಚಿ ಸರಿಸಿದ. ದುಂಡೇಶ ಕೂರಲಿಲ್ಲ. ಟವಲು ಬಿಚ್ಚಿ ಹೀಟ್ ಸಿಂಕನ್ನು ಟೇಬಲ್ಲಿನ ಮೇಲೆ ಬೋರಲು ಇಟ್ಟ. ದಾರಿಯಲ್ಲಿ ಜೋಡಿಸಿದ ತಣ್ಣನೆಯ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ನಾ ಇಲ್ದಾಗ ನನ್ನ ಮನಿಗಿ ಬಂದು ಇದನ್ನ ಬಿಚ್ಚಿದಾಂವ ಯಾರ್ಲೇ? ನನ್ನ ದಡಿ ಕದ್ದು ಗುರಪ್ಪಗ ಮಾರಿದಾಂವ ಯಾರು?"

ಪ್ರಿಂಟರು ಒಂದು ಹಾಳೆ ಹೊರಹಾಕಿ ಸುಮ್ಮನಾಯಿತು. ಸಿದ್ದಾರ್ಥ ಸಿಟ್ಟಾಗಲಿಲ್ಲ, ಮುಖವೂ ಬಿಳಿಚಲಿಲ್ಲ. ಬಗ್ಗಿ ನೋಡಿದ. ಹಳದಿಯ ಹಕ್ಕಳೆಯನ್ನು ಉಗುರಿನಿಂದ ಮುಟ್ಟಿ ಮೂಸಿದ. ಆಮೇಲೆ ತಲೆ ಎತ್ತಿ ದುಂಡೇಶನ ಕಣ್ಣನ್ನಲ್ಲ, ಹಣೆಯನ್ನು ನೋಡಿದ, ಬಹಳ ಹೊತ್ತು.

"ಇದು ಭಂಡಾರ ಅಣ್ಣಾ. ನಿಮ್ಮ ಹಣಿ ಮ್ಯಾಲ ಐತೆಲ್ಲಾ, ಅದ." ಅವನ ದನಿ ಏರಲಿಲ್ಲ. "ಭಂಡಾರ ನಿಮ್ಮ ದೇವರ ಖೋಲ್ಯಾಗ ಇರತೈತಿ. ಪಡಸಾಲಿ ದಾಟಿ ನಾ ಯಾವತ್ತರೆ ಒಳಗ ಬಂದೇನೇನ್ರಿ?"

ದುಂಡೇಶನ ಕೈ ತಾನಾಗಿ ಹಣೆಗೆ ಹೋಯಿತು. ಬೆಳಿಗ್ಗೆ ಮನೆದೇವರು ಬೀರಪ್ಪನ ಫೋಟೋದ ಮುಂದೆ ನಿಂತು ಭಂಡಾರದ ಚೀಲಕ್ಕೆ ಬೆರಳು ಅದ್ದಿ ಹಚ್ಚಿಕೊಂಡ ಅರಿಶಿನ, ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಹುಟ್ಟಿದಂದಿನಿಂದ ಹಣೆಯ ಮೇಲೆ, ಅನ್ನದಲ್ಲಿ, ಹಾಸಿಗೆಯಲ್ಲಿ ಇರುವ ವಾಸನೆ ಅದು. ಅದಕ್ಕೇ ಮೂಗಿಗೆ ಹತ್ತಿರಲಿಲ್ಲ. ಒಬ್ಬ ಮಾಸ್ತರ ಕೆಮ್ಮಿದ. ಮಗ್ಗದ ಮಾಲಕ ಬಾಗಿಲಾಚೆ ಏನೋ ಕಂಡವನಂತೆ ಮುಖ ತಿರುಗಿಸಿದ. ಏನಾದರೂ ಹೇಳಬೇಕಾಗಿತ್ತು. ದಡಿಯ ಮಾತು ಹೇಳು ಎಂದು ಇನ್ನೊಮ್ಮೆ ಜೋರು ಮಾಡಿದ, ದನಿ ಅರ್ಧಕ್ಕೆ ನಿಂತಿತು. ಟವಲು ಒಂದನ್ನೇ ಎಳೆದುಕೊಂಡು ಹೊರಗೆ ಬಂದ. ಬನಹಟ್ಟಿಯ ದಾರಿ ಅರ್ಧ ನಡೆದ ಮೇಲೆ, ಹೀಟ್ ಸಿಂಕು ಅಲ್ಲೇ ಟೇಬಲ್ಲಿನ ಮೇಲೆ ಉಳಿಯಿತು ಎಂಬುದು ಹೊಳೆಯಿತು.

ಮನೆಯಲ್ಲಿ ಮುದಕವ್ವ ಅಕ್ಕಿ ಆರಿಸಿ ಮುಗಿಸಿ ಪಡಸಾಲೆಯಲ್ಲಿ ತನ್ನ ಹಳೆಯ ಕಂಬಳಿಯ ಮೇಲೆ ಕೂತಿದ್ದಳು, ಬಾಯಿ ತೆರೆದ ಕಂಪ್ಯೂಟರನ್ನು ನೋಡುತ್ತ. ದುಂಡೇಶ ಏನೂ ಕೇಳದೆ ತಾಯಿಯ ಬಲಗೈ ಎತ್ತಿ ಹೆಬ್ಬೆಟ್ಟು ನೋಡಿದ. ಎಷ್ಟೋ ವರ್ಷಗಳ ಭಂಡಾರ ಉಗುರಿನ ಸಂದಿಯಲ್ಲಿ ಕೂತಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಹೌದಪಾ, ನಾನ ಹಚ್ಚೀನಿ. ಅದರ ನೆತ್ತಿ ಸುಡತಿತ್ತು. ಕುರಿಗಿ ಕಾವು ಏರಿದಾಗ ನಿಮ್ಮಪ್ಪ ಎಣ್ಣ್ಯಾಗ ಭಂಡಾರ ಕಲಿಸಿ ನೆತ್ತಿಗಿ ತಿಕ್ಕತಿದ್ದಿಲ್ಲೇನು? ನೀ ದಿನಾ ಅದಕ್ಕ ಬಡದಾಡತಿದ್ದಿ, ಈಕಿ ಮ್ಯಾಲ ಹಾರ್ಯಾಡತಿದ್ದಿ. ನೋಡಾಕ ಆಗಲಿಲ್ಲ."

ಅವನು ಮುಧೋಳಕ್ಕೆ ಹೋದ ದಿನ ಸೊಸೆಯ ಕೈಯಲ್ಲಿ ಬಿಚ್ಚಿಸಿದ್ದಳು. ದೀಪಾವಳಿಯಲ್ಲಿ ನೋಡಿದ್ದ ನೆನಪಿನ ಮೇಲೆ ಮಾಯಾ ಕೀಲು ತಿರುಗಿಸಿ ಎತ್ತಿದ್ದಳು. ಬೂದುಬಣ್ಣದ್ದನ್ನು ಹೊಲಸು ಎಂದು ಸೆರಗಿನಿಂದ ಒರೆಸಿ, ಮುದಕವ್ವ ಬೀರಪ್ಪನ ಹೆಸರು ಹೇಳಿ ಹೆಬ್ಬೆಟ್ಟಿನಿಂದ ಭಂಡಾರ ಒತ್ತಿದ್ದಳು. ತಿರುಗಿ ಕೂರಿಸುವಾಗ ಒಂದು ಕೀಲು ಸರಿಯಾಗಿ ಬೀಳಲಿಲ್ಲ. ಅಂದಿನಿಂದ ಕಾವು ಹೆಚ್ಚೇ ಆಯಿತು, ಹೆಚ್ಚಾದಷ್ಟೂ ಇಬ್ಬರೂ ಹೆದರಿದರು. ಇಷ್ಟನ್ನೂ ಅವಳು ಒಂದು ಮಗುವಿನ ಜ್ವರದ ಮಾತು ಹೇಳುವ ಹಾಗೆ ಹೇಳಿದಳು. ದುಂಡೇಶನಿಗೆ ಕೂಗಾಡಲು ಏನಾದರೂ ಬೇಕಾಗಿತ್ತು. ಅದಿರಲಿ, ನನ್ನ ಕುರಿಹೆಜ್ಜೆಯ ದಡಿ ಗುರಪ್ಪನ ಮಗ್ಗಕ್ಕೆ ಹೇಗೆ ಹೋಯಿತು, ಅದನ್ನೂ ಬೀರಪ್ಪ ಒಯ್ದು ಕೊಟ್ಟನೇ ಎಂದು ಕೇಳಿದ. ಮುದಕವ್ವನಿಗೆ ಅರ್ಥವಾಗಲಿಲ್ಲ. ಅವನು ಹಾಳೆಯ ಮೇಲೆ ಆ ಜೋಡಿ ಗುರುತನ್ನು ಗೀಚಿ ತೋರಿಸಿದ. ಅವಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ತುಸು ಎದ್ದು ತಾನು ಕೂತಿದ್ದ ಕಂಬಳಿಯ ಅಂಚನ್ನು ಎಳೆದು ಅವನ ಮುಂದೆ ಹಿಡಿದಳು. ಕರಿ ಉಣ್ಣೆಯ ಮೇಲೆ ಬಿಳಿ ಉಣ್ಣೆಯ ಹೊಲಿಗೆ. ಎರಡೆರಡು, ಒಂದಕ್ಕೊಂದು ತುಸು ವಾಲಿಕೊಂಡು, ಸಾಲಾಗಿ.

"ಇದು ನಿಂದ ಯಾವಾಗ ಆತೋ? ಹುನ್ನೂರಾಗ ಯಾರ ಕಂಬಳಿಗಿ ಇದಿಲ್ಲ ಹೇಳು. ಗುರಪ್ಪನ ಮಗ್ಗದಾಗ ದುಡಿಯೋರೂ ನಮ್ಮ ಕಡಿಯೋರ."

ಹುಟ್ಟಿದಾಗ ಅವನನ್ನು ಮೊದಲು ಮಲಗಿಸಿದ್ದು ಈ ಕಂಬಳಿಯ ಮೇಲೆ. ಜ್ವರ ಬಂದಾಗ ಇದನ್ನೇ ಹೊದ್ದಿದ್ದ, ಅಂಚಿನ ಆ ಹೊಲಿಗೆಯನ್ನು ಬೆರಳಿನಿಂದ ತಡವುತ್ತ ನಿದ್ದೆಹೋಗುವುದು ಅವನ ಅಭ್ಯಾಸವಾಗಿತ್ತು ಎಂದು ಅಪ್ಪ ಹೇಳಿ ನಗುತ್ತಿದ್ದ. ಹೊಳೆಯ ಉಸುಕು, ನೀರು ತುಂಬುವ ಗೊರಸಿನ ಗುರುತು, ಇವೆಲ್ಲ ತಾನು ಆಮೇಲೆ ಕಟ್ಟಿಕೊಂಡದ್ದೇನೋ, ಅವನಿಗೆ ಗೊತ್ತಾಗಲಿಲ್ಲ. ಮಾಯಾ ಒಳಬಾಗಿಲಲ್ಲಿ ನಿಂತಿದ್ದಳು, ಕೈಗೆ ಹಿಟ್ಟು ಅಂಟಿಕೊಂಡೇ ಇತ್ತು. ನೀನಾದರೂ ಹೇಳಬಾರದಿತ್ತೇ ಎಂದು ಅವನು ಅವಳನ್ನು ಕೇಳಿದ. ಕೇಳುವಾಗ ದನಿಯಲ್ಲಿ ದೂರು ಇತ್ತು, ಅದು ಅವನಿಗೇ ಕೇಳಿಸಿತು.

"ಹೇಳಬೇಕಂತ ಬಾಯಿಗಿ ಬಂದಿತ್ತು," ಎಂದಳು ಮಾಯಾ. "ಆದ್ರ ನೀವು ಕೇಳಿದ್ದು ಏನಾತು ಅಂತಲ್ಲ, ಯಾರು ಬಂದಿದ್ರು ಅಂತ."

ಅವಳು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಎಂದಿನಷ್ಟೇ ಜೋರಾಗಿ. ಅವಳು ಅತ್ತಿದ್ದರೆ, ಬೈದಿದ್ದರೆ ಅವನಿಗೆ ಹಿಡಿಯಲು ಏನಾದರೂ ಸಿಗುತ್ತಿತ್ತು. ಪ್ರೊಸೆಸರು ಬರಿನೆತ್ತಿಯಲ್ಲಿ ಕೂತಿತ್ತು. ಗ್ರಾಫ್ ಹಾಳೆಯ ಕೆಳಗಿನಿಂದ ಸಿರಿಂಜು ತೆಗೆದು, ಹತ್ತಿಯಿಂದ ಹಳದಿಯನ್ನು ಒರೆಸಿ, ಹೆಬ್ಬೆಟ್ಟಿನ ಗೆರೆಗಳು ಒಂದೊಂದಾಗಿ ಮಾಯವಾಗುವುದನ್ನು ನೋಡಿದ. ಜೋಳದ ಕಾಳಿನಷ್ಟು ಪೇಸ್ಟು ಇಟ್ಟ ಮೇಲೆ ಅದರ ಮೇಲೆ ಕೂರಿಸಲು ಏನೂ ಇರಲಿಲ್ಲ. ಸಂಜೆಯವರೆಗೆ ಹಾಗೇ ಕೂತಿದ್ದ. ಬೇರೆ ಹೀಟ್ ಸಿಂಕನ್ನು ಜಮಖಂಡಿಯಿಂದ ತರಬಹುದು ಎಂದುಕೊಂಡ, ಆಗ ರಬಕವಿಯ ಮೂರು ಜನರ ಎದುರಿಗೆ ಬಿಟ್ಟುಬಂದದ್ದು ಅಲ್ಲೇ ಉಳಿಯುತ್ತದೆ ಎಂದೂ ಅನಿಸಿತು. ಕೊನೆಗೆ ಎದ್ದು ಹೊರಟ. ಹಣೆಯನ್ನು ತೊಳೆದುಕೊಂಡು ಹೋಗಬೇಕೋ ಹಾಗೇ ಹೋಗಬೇಕೋ ತಿಳಿಯದೆ ಬಚ್ಚಲಿನ ಮುಂದೆ ನಿಂತು, ತೊಳೆಯದೆಯೇ ಹೋದ.

ಅಂಗಡಿಯಲ್ಲಿ ಈಗ ಸಿದ್ದಾರ್ಥ ಒಬ್ಬನೇ ಇದ್ದ. ಕುರ್ಚಿ ಸರಿಸಲಿಲ್ಲ. ಹೀಟ್ ಸಿಂಕು ಟೇಬಲ್ಲಿನ ಮೇಲೆ ಒರೆಸಿ ಹೊಳೆಯುವಂತಾಗಿತ್ತು, ಫ್ಯಾನಿನ ಎಸಳುಗಳ ಧೂಳು ಕೂಡ ಹೋಗಿತ್ತು. ತಪ್ಪಾಯಿತು ಎಂಬ ಮಾತನ್ನು ದುಂಡೇಶ ದಾರಿಯುದ್ದಕ್ಕೂ ಹಿಡಿದುಕೊಂಡು ಬಂದಿದ್ದ. ಅದನ್ನು ಆಡುವ ಮೊದಲೇ ಸಿದ್ದಾರ್ಥ ಹೀಟ್ ಸಿಂಕನ್ನೂ, ಅದರ ಜೊತೆಗೆ ಬಿಳಿ ಹಾಳೆಯ ಒಂದು ಸಣ್ಣ ಪೊಟ್ಟಣವನ್ನೂ ಅವನ ಕಡೆ ಸರಿಸಿದ. ಕೈಗೆ ಕೊಡಲಿಲ್ಲ.

"ತಗೋರಿ ದುಂಡೇಶ ಅವರ. ಕೆರೆದು ಕಟ್ಟಿಟ್ಟೀನಿ. ದೇವರದು, ಕಸದಾಗ ಒಗ್ಯಾಕ ಮನಸ್ಸಾಗಲಿಲ್ಲ."

ಅವನು ಅಣ್ಣಾ ಅನ್ನಲಿಲ್ಲ. ದುಂಡೇಶ ಎರಡನ್ನೂ ಎತ್ತಿಕೊಂಡು ಪೊಟ್ಟಣವನ್ನು ಕಿಸೆಗೆ ಹಾಕಿದ. ಮನೆಯಲ್ಲಿ ತಾಯಿಯೇ ಹಚ್ಚಿದ್ದು ಎಂದು ಗೊಣಗಿದ, ಅದು ಕ್ಷಮೆ ಕೇಳಿದ ಹಾಗೂ ಇರಲಿಲ್ಲ, ಕೇಳದ ಹಾಗೂ ಇರಲಿಲ್ಲ. ಸಿದ್ದಾರ್ಥ ಹೂಂ ಎಂದು ಬೇರೊಂದು ಯಂತ್ರದ ಸ್ಕ್ರೂ ಬಿಚ್ಚತೊಡಗಿದ. ಹೊರಗೆ ಬಂದು ಹತ್ತು ಹೆಜ್ಜೆ ನಡೆದಾಗ ದುಂಡೇಶನಿಗೆ ಎದೆ ಹಗುರಾದಂತೆ ಅನಿಸಿತು. ಅದರ ಬೆನ್ನಿಗೇ ಆ ಯೋಚನೆ ಬಂತು. ಇವನು ಯಾಕೆ ಇಷ್ಟು ಚೊಕ್ಕಟ ಒರೆಸಿಟ್ಟ? ಒರೆಸಬೇಕು ಎಂದು ಯಾರು ಹೇಳಿದ್ದರು? ಪೊಟ್ಟಣದಲ್ಲಿರುವುದು ಭಂಡಾರವೇ ಹೌದೋ, ಬೇರೇನೋ? ಛೀ ಎಂದುಕೊಂಡ, ನಿಜವಾಗಿಯೂ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾಗುತ್ತಿರುವಾಗಲೇ ಕೈ ಕಿಸೆಗೆ ಹೋಗಿ, ಬೀದಿಯ ನಡುವೆಯೇ ಪೊಟ್ಟಣ ಬಿಚ್ಚಿ, ಮೂಗಿನ ಹತ್ತಿರ ಹಿಡಿದಿತ್ತು. ಭಂಡಾರವೇ ಇತ್ತು. ಈ ಸಲ ವಾಸನೆ ಚೆನ್ನಾಗಿ ಹತ್ತಿತು.

ತಿರುಗಿ ನೋಡಿದಾಗ ಸಿದ್ದಾರ್ಥ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ, ಬೆನ್ನಟ್ಟಿ ಬರಲು ಒಂದು ಕಾಲು ಕೆಳಗೆ ಇಟ್ಟವನು ಹಾಗೇ ತಡೆದು ನಿಂತಂತೆ. ಅವನ ಕೈಯಲ್ಲಿ ಹೀಟ್ ಸಿಂಕಿನ ಕರಿ ಕೀಲೊಂದಿತ್ತು, ಒರೆಸುವಾಗ ಕಳಚಿ ಟೇಬಲ್ಲಿನ ಮೇಲೆ ಉಳಿದದ್ದು. ದುಂಡೇಶನ ಕೈಯಲ್ಲಿ ಬಿಚ್ಚಿದ ಪೊಟ್ಟಣ. ಸಿದ್ದಾರ್ಥ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ, ಕೀಲನ್ನು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದ. ಅದಿಲ್ಲದೆ ಹೀಟ್ ಸಿಂಕು ಕೂರುವುದಿಲ್ಲ. ಈಗ ದುಂಡೇಶನೇ ತಿರುಗಿ ನಡೆದುಹೋಗಿ ಅದನ್ನು ಎತ್ತಿಕೊಳ್ಳಬೇಕಾಗಿತ್ತು.